ಡಾರ್ಟ್ಸ್: ಎಲ್ಲಾ ಎಸೆತ ಕೆಳಗೇ ಬೀಳುತ್ತಿತ್ತು, ಹೀಗೆ ಸರಿಹೋಯ್ತು

ಬೋರ್ಡಿನ ಮೇಲ್ತುದಿಯ 20ಕ್ಕೆ ಗುರಿ ಇಟ್ಟರೆ ಡಾರ್ಟ್ ಹೋಗಿ ಕೆಳತುದಿಯ 3ರ ಹತ್ತಿರ ಚುಚ್ಚುತ್ತಿತ್ತು. ಕೈ ಪಳಗಿಲ್ಲ ಅಂತ ಪಿಜಿಯ ಹುಡುಗರೆಲ್ಲ ಹೇಳಿದರು. ಟೇಪ್ ಹಿಡಿದು ಅಳೆದರೆ ಬೋರ್ಡೇ ಮೇಲಿತ್ತು, ನಿಂತು ಎಸೆಯುವ ಗೆರೆಯೂ ದೂರ! ನೆಲದಿಂದ ಬೋರ್ಡಿನ ಮಧ್ಯದ ಪುಟ್ಟ ವೃತ್ತ, ಅಂದರೆ ಬುಲ್‌ನ ನಡುವಿಗೆ 1.73 ಮೀಟರ್ ಇರಬೇಕು. ಗೆರೆ 2.37 ಮೀಟರ್ ದೂರ, ಅದೂ ಗೋಡೆಯಿಂದಲ್ಲ, ಬೋರ್ಡಿನ ಮುಖದಿಂದ. ಹಾಗಾಗಿ ಬೋರ್ಡಿನ ಮುಂದೆ ಒಂದು ದಾರಕ್ಕೆ ಬೀಗ ಕಟ್ಟಿ ಇಳಿಬಿಟ್ಟು, ಅದು ನೆಲ ಮುಟ್ಟಿದ ಕಡೆಯಿಂದ ಅಳೆದೆ. ಬುಲ್‌ನಿಂದ ಗೆರೆಗೆ ಓರೆಯಾಗಿ ಸುಮಾರು 2.93 ಮೀಟರ್ ಬಂದರೆ ಎರಡೂ ಸರಿ.

ಉಳಿದದ್ದು ಕೈ ಕೆಲಸ. ಜೋರಾಗಿ ಎಸೆಯೋದು ಬಿಟ್ಟೆ. ಮೊಣಕೈ ಅಲ್ಲಾಡಿಸದೆ, ಡಾರ್ಟ್ ಬಿಟ್ಟ ಮೇಲೂ ಕೈಯನ್ನು ಗುರಿಯ ಕಡೆಗೆ ಪೂರ್ತಿ ಚಾಚಿದರೆ ಸಾಕು.

ಇನ್ನೊಂದು, ಟಿವಿ ನೋಡಿ ಸುಮ್ನೆ ಟ್ರಿಪಲ್ 20ರ (20ರ ಮೂರು ಪಟ್ಟು ಅಂಕ ಕೊಡುವ ಕಿರಿದಾದ ಪಟ್ಟಿ) ಹಿಂದೆ ಬೀಳಬೇಡಿ. ಅದರ ಅಕ್ಕಪಕ್ಕ ಇರೋದು 1 ಮತ್ತು 5, ಸ್ವಲ್ಪ ತಪ್ಪಿದರೂ ನಷ್ಟ ಜಾಸ್ತಿ ಅಲ್ವಾ? ಹೊಸಬರಿಗೆ 16 ವಾಸಿ, ಪಕ್ಕದಲ್ಲಿ 7 ಮತ್ತು 8. 501ರಿಂದ ಅಂಕ ಕಳೆಯುತ್ತಾ ಸೊನ್ನೆಗೆ ಬರುವ 501 ಆಟ ಎರಡು ಪಟ್ಟು ಅಂಕದ ಹೊರ ಪಟ್ಟಿ, ಅಂದರೆ ಡಬಲ್‌ನಲ್ಲೇ ಮುಗಿಯಬೇಕಲ್ಲ, ಅದಕ್ಕೆ 32 ಉಳಿಸಿಕೊಳ್ಳಿ: ಡಬಲ್ 16 ತಪ್ಪಿ ಬರೀ 16 ಬಿದ್ದರೆ ಡಬಲ್ 8, ಅದೂ ತಪ್ಪಿ 8 ಬಿದ್ದರೆ ಡಬಲ್ 4 ಇರುತ್ತದೆ.