ಅಟ್ಟದ ಕೊಬ್ಬರಿ ಲೆಕ್ಕ: ನೂರು ಕಾಯಿ ಒಡೆದು ಹತ್ತು ಸಾವಿರದ ಬಗ್ಗೆ ಹೇಳುವುದು ಹೇಗೆ?

ತಿಪಟೂರು ಸೀಮೆಯಲ್ಲಿ ಕೊಬ್ಬರಿ ವ್ಯಾಪಾರವೆಂದರೆ ಕಣ್ಣಿಗೆ ಕಾಣದ ಮಾಲಿನ ವ್ಯಾಪಾರ. ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿದ ಕಾಯಿಯೊಳಗೆ ಉಂಡೆ ಕೊಬ್ಬರಿ ಬೆಳ್ಳಗೆ ಕೂತಿದೆಯೋ, ಕೌಟು ಹತ್ತಿದೆಯೋ, ಚಿಪ್ಪು ಒಡೆಯುವ ತನಕ ಗೊತ್ತಾಗುವುದಿಲ್ಲ. ಮನೆ ಬಾಗಿಲಿಗೆ ಬಂದ ವ್ಯಾಪಾರಿ ‘ಈ ಸಲ ಮಳೆ ಜಾಸ್ತಿ, ನೂರಕ್ಕೆ ಇಪ್ಪತ್ತು ಕೆಟ್ಟಿರ್ತವೆ ಅಣ್ಣ’ ಅನ್ನುತ್ತಾರೆ. ‘ಇಲ್ಲ ಸಾವ್ಕಾರ್ರೆ, ಹತ್ತರ ಮೇಲೆ ಹೋಗಲ್ಲ’ ಅನ್ನುತ್ತಾರೆ ಮನೆಯವರು. ಇಬ್ಬರದೂ ಅಂದಾಜೇ. ದರ ಮಾತ್ರ ಯಾರ ದನಿ ಗಟ್ಟಿಯೋ ಅವರ ಕಡೆಗೆ ವಾಲುತ್ತದೆ.

ತುಮಕೂರು ಜಿಲ್ಲೆಯ ಬಿ.ಕಾಂ., ಬಿಬಿಎ ಮಕ್ಕಳು ನಾಣ್ಯ, ದಾಳ, ಇಸ್ಪೀಟಿನ ಎಲೆಗಳ ಲೆಕ್ಕ ಮಾಡಿ ಸಂಖ್ಯಾಶಾಸ್ತ್ರದ ಪೇಪರ್ ಪಾಸು ಮಾಡುತ್ತಾರೆ. ಅವರಲ್ಲಿ ಎಷ್ಟೋ ಜನರ ಮನೆಯ ಅಟ್ಟದಲ್ಲೇ ಆ ಇಡೀ ಪಾಠ ಇದೆ. ಸಂಭವನೀಯತೆ, ವಿಶ್ವಾಸಾಂತರ (ನಿಜವಾದ ಅಂಕಿಯನ್ನು ಹಿಡಿಯಲು ಮಾದರಿಯಿಂದ ಕಟ್ಟುವ ಹರವು), ಊಹೆಯ ಪರೀಕ್ಷೆ ಈ ಮೂರನ್ನೂ ಒಂದೇ ಅಟ್ಟದ ಕಾಯಿ ಇಟ್ಟುಕೊಂಡು ಮಾಡಿ ನೋಡೋಣ. ಬೇಕಾದದ್ದು ಒಂದು ನೋಟ್‌ಬುಕ್, ತೂಕದ ಯಂತ್ರ, ವರ್ಗಮೂಲದ ಗುಂಡಿ ಇರುವ ಮೊಬೈಲ್ ಕ್ಯಾಲ್ಕುಲೇಟರ್. ಇಲ್ಲಿನ ಅಂಕಿಗಳು ಕಲಿಯಲು ಇಟ್ಟುಕೊಂಡ ಉದಾಹರಣೆ ಅಷ್ಟೇ. ನಿಮ್ಮ ಅಟ್ಟದ ಅಂಕಿಗಳನ್ನು ನೀವೇ ತುಂಬಿಕೊಳ್ಳಬೇಕು.

ಮೊದಲು ಕಾಯಿ ಆರಿಸುವುದು

ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡುವುದು ಈ ಹೆಜ್ಜೆ. ಇಲ್ಲಿ ತಪ್ಪಿದರೆ ಮುಂದಿನ ಯಾವ ಸೂತ್ರವೂ ಕೈಹಿಡಿಯುವುದಿಲ್ಲ. ‘ಅನ್ನ ಬೆಂದಿದೆಯೇ ಅಂತ ನೋಡಲು ಒಂದಗುಳು ಹಿಚುಕಿದರೆ ಸಾಕು’ ಎಂಬ ಮಾತು ಅನ್ನಕ್ಕೆ ಸರಿ, ಏಕೆಂದರೆ ಎಲ್ಲ ಅಗುಳೂ ಒಂದೇ ನೀರಿನಲ್ಲಿ ಬೆಂದಿರುತ್ತದೆ. ಅಟ್ಟದ ಕಾಯಿ ಹಾಗಲ್ಲ. ಹೆಂಚು ಸೋರಿದ ಮೂಲೆಯದು ಬೇರೆ, ಒಲೆಯ ಹೊಗೆ ತಾಗುವ ಕಡೆಯದು ಬೇರೆ, ರಾಶಿಯ ಅಡಿಯಲ್ಲಿ ಗಾಳಿಯಾಡದೆ ಕೂತದ್ದು ಬೇರೆ. ಏಣಿ ಹತ್ತಿ ಕೈಗೆ ಸಿಕ್ಕ ಹತ್ತು ಕಾಯಿ ಇಳಿಸಿ ತಂದರೆ ಅದು ಏಣಿಯ ಪಕ್ಕದ ಕಾಯಿಗಳ ಸುದ್ದಿಯೇ ಹೊರತು ಅಟ್ಟದ ಸುದ್ದಿಯಲ್ಲ.

ಹತ್ತು ಸಾವಿರ ಕಾಯಿ ಇದೆ ಎಂದಿಟ್ಟುಕೊಳ್ಳಿ. ಸುಲಿಯಲು ಕೆಳಗಿಳಿಸುವಾಗ ಹೇಗೂ ಎಣಿಸುತ್ತೀರಿ. ಪ್ರತಿ ನೂರು ಕಾಯಿಗೆ ಒಂದನ್ನು ಪಕ್ಕಕ್ಕೆ ಎತ್ತಿಡಿ. ಮೊದಲನೆಯದು ಎಷ್ಟನೆಯ ಕಾಯಿ ಎಂಬುದನ್ನು ನೀವು ಆರಿಸಬೇಡಿ. ಜೇಬಿನ ನೋಟೊಂದನ್ನು ತೆಗೆದು ಅದರ ನಂಬರಿನ ಕೊನೆಯ ಎರಡು ಅಂಕಿ ನೋಡಿ. 37 ಇದ್ದರೆ 37, 137, 237 ಹೀಗೆ ಎತ್ತಿಡುತ್ತಾ ಹೋಗಿ. ಸೊನ್ನೆ ಸೊನ್ನೆ ಬಂದರೆ ನೂರನೆಯದರಿಂದ ಶುರು ಮಾಡಿ. ಅಟ್ಟದ ಎಲ್ಲ ಅಂಕಣಗಳಿಂದಲೂ, ಮೇಲಿನ ಪದರದಿಂದಲೂ ಅಡಿಯಿಂದಲೂ ನೂರು ಕಾಯಿ ತಾನಾಗಿ ಬಂದು ಕೂರುತ್ತದೆ. ಎತ್ತುವಾಗ ‘ಇದು ಚೆನ್ನಾಗಿ ಕಾಣಲ್ಲ, ಪಕ್ಕದ್ದು ತಗೊಳ್ಳೋಣ’ ಅನ್ನಬಾರದು. ಕೈ ಆಸೆಪಟ್ಟ ಕ್ಷಣವೇ ಮಾದರಿ ಕೆಟ್ಟಿತು.

ಒಡೆಯುವ ಮುಂಚೆ ಇನ್ನೊಂದು ಕೆಲಸವಿದೆ: ‘ಕೆಟ್ಟದ್ದು’ ಅಂದರೆ ಏನು ಎಂದು ಬರೆದಿಡುವುದು. ಕೌಟು ವಾಸನೆ ಬಂದದ್ದು, ಬೂಷ್ಟು ಹಿಡಿದದ್ದು ಸರಿ. ಒಡೆಯುವಾಗ ನಮ್ಮ ಕೈತಪ್ಪಿ ಚೂರಾದದ್ದು ಆ ಲೆಕ್ಕಕ್ಕೆ ಬರುತ್ತದೆಯೋ ಇಲ್ಲವೋ? ವ್ಯಾಪಾರಿಯೂ ನೀವೂ ಮೊದಲೇ ಒಪ್ಪಿಕೊಳ್ಳಿ. ಕೊಬ್ಬರಿ ಕಣ್ಣೆದುರು ಬಿದ್ದ ಮೇಲೆ ಆ ಮಾತು ಜಗಳವಾಗುತ್ತದೆ.

ಸಂಭವನೀಯತೆ: ಐದು ಕಾಯಿ ಯಾಕೆ ಸಾಲದು

ನೂರರಲ್ಲಿ 12 ಕೆಟ್ಟಿದ್ದವು ಎನ್ನೋಣ. ಕಣ್ಣುಮುಚ್ಚಿ ಒಂದು ಕಾಯಿ ಎತ್ತಿದರೆ ಅದು ಕೆಟ್ಟದ್ದಾಗಿರುವ ಸಂಭವನೀಯತೆಯ ಅಂದಾಜು 0.12, ಒಳ್ಳೆಯದಾಗಿರುವುದು 0.88.

ಈಗ ಐದೇ ಕಾಯಿ ಒಡೆದು ತೀರ್ಮಾನ ಮಾಡುವ ರೂಢಿಯನ್ನು ತೂಗಿ ನೋಡಿ. ಐದೂ ಒಳ್ಳೆಯದಾಗಿರಲು 0.88 ಅನ್ನು ಐದು ಸಲ ಗುಣಿಸಬೇಕು: 0.53. ಅಂದರೆ ನೂರಕ್ಕೆ ಹನ್ನೆರಡು ಕೆಟ್ಟಿರುವ ಅಟ್ಟವೂ ಅರ್ಧಕ್ಕಿಂತ ಹೆಚ್ಚು ಸಲ ‘ಒಂದೂ ಕೆಟ್ಟಿಲ್ಲ’ ಎಂಬಂತೆ ತೋರುತ್ತದೆ. ನೂರಕ್ಕೆ ಇಪ್ಪತ್ತು ಕೆಟ್ಟಿದ್ದರೂ 0.8 ಐದು ಸಲ ಗುಣಿಸಿದಾಗ 0.33 ಬರುತ್ತದೆ, ಮೂರರಲ್ಲಿ ಒಂದು ಸಲ ಅದೂ ಹಾಗೆಯೇ ತೋರುತ್ತದೆ. ಐದು ಕಾಯಿಗೆ ಈ ಎರಡು ಅಟ್ಟಗಳ ನಡುವಿನ ವ್ಯತ್ಯಾಸ ಹಿಡಿಯುವ ಶಕ್ತಿಯೇ ಇಲ್ಲ.

ಹೀಗೆ ಗುಣಿಸುವುದಕ್ಕೆ ಒಂದು ಷರತ್ತಿದೆ: ಒಂದು ಕಾಯಿ ಕೆಟ್ಟದ್ದು ಇನ್ನೊಂದು ಕೆಡುವುದಕ್ಕೆ ಸಂಬಂಧಪಟ್ಟಿರಬಾರದು. ಸೋರುವ ಮೂಲೆಯಲ್ಲಿ ಪಕ್ಕಪಕ್ಕದ ಐದನ್ನೇ ಎತ್ತಿದರೆ ಕೆಟ್ಟರೆ ಐದೂ ಕೆಟ್ಟಿರುತ್ತವೆ. ನೂರಕ್ಕೊಂದು ಎತ್ತಿದ್ದರಿಂದ ಆ ತೊಂದರೆ ಬಹುಮಟ್ಟಿಗೆ ತಪ್ಪಿದೆ.

ಅಲ್ಲಾಡಿಸಿ ಸದ್ದು ಕೇಳುವ ಹಳೆಯ ಪರೀಕ್ಷೆಗೂ ಇಲ್ಲೇ ಜಾಗವಿದೆ. ಚೆನ್ನಾಗಿ ಒಣಗಿದ ಕಾಯಿಯೊಳಗೆ ಗಿಟುಕು ಚಿಪ್ಪು ಬಿಟ್ಟು ಲೊಟಲೊಟ ಅನ್ನುತ್ತದೆ. ಒಡೆಯುವ ಮುಂಚೆ ನೂರನ್ನೂ ಅಲ್ಲಾಡಿಸಿ ಬರೆದುಕೊಂಡಿರಿ ಎನ್ನಿ: 85 ಸದ್ದು ಮಾಡಿದವು, 15 ಮಾಡಲಿಲ್ಲ. ಒಡೆದ ಮೇಲೆ ನೋಡಿದರೆ ಸದ್ದು ಮಾಡಿದ 85ರಲ್ಲಿ 4 ಕೆಟ್ಟಿವೆ, ಸುಮ್ಮನಿದ್ದ 15ರಲ್ಲಿ 8. ಸದ್ದಿಲ್ಲದ ಕಾಯಿ ಕೆಟ್ಟಿರುವ ಸಂಭವನೀಯತೆ 15ಕ್ಕೆ 8, ಅಂದರೆ ಶೇ 53. ಕೆಟ್ಟ ಕಾಯಿ ಸದ್ದು ಮಾಡದಿರುವ ಸಂಭವನೀಯತೆ 12ಕ್ಕೆ 8, ಅಂದರೆ ಶೇ 67. ಕೇಳಲು ಒಂದೇ ಪ್ರಶ್ನೆಯಂತಿದ್ದರೂ ಇವು ಎರಡು. ಹೀಗೆ ‘ಇಂಥದ್ದರ ಪೈಕಿ ಎಷ್ಟು’ ಎಂದು ಕೇಳುವ ಷರತ್ತುಬದ್ಧ ಸಂಭವನೀಯತೆಯಲ್ಲಿ ಪರೀಕ್ಷೆ ಬರೆಯುವ ಮಕ್ಕಳು ಎಡವುವುದೂ ಇಲ್ಲೇ. ‘ಯಾವುದರ ಪೈಕಿ?’ ಎಂದು ಪ್ರತಿ ಸಲ ಕೇಳಿಕೊಂಡರೆ ಭಾಜಕದಲ್ಲಿ ಯಾವ ಅಂಕಿ ಕೂರಬೇಕೆಂಬುದು ಸಿಗುತ್ತದೆ.

ವಿಶ್ವಾಸಾಂತರ: ಒಂದು ಅಂಕಿಯಲ್ಲ, ಒಂದು ಹರವು

‘ನನ್ನ ಅಟ್ಟದಲ್ಲಿ ಶೇ 12 ಕೆಟ್ಟಿದೆ’ ಎಂದು ಹೇಳಿದರೆ ಅದು ಅರ್ಧ ಮಾತು. ನೋಟಿನ ನಂಬರ್ 37ರ ಬದಲು 52 ಬಂದಿದ್ದರೆ ಬೇರೆ ನೂರು ಕಾಯಿ ಬರುತ್ತಿದ್ದವು, ಕೆಟ್ಟದ್ದು 9 ಇರಬಹುದಿತ್ತು, 15 ಇರಬಹುದಿತ್ತು. ಆ ಓಲಾಟ ಎಷ್ಟು ಎಂದು ಅಳೆಯುವುದೇ ಮಾನಕ ದೋಷ.

ಲೆಕ್ಕ ಹೀಗೆ: 0.12 ಅನ್ನು 0.88ರಿಂದ ಗುಣಿಸಿ, 100ರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. 0.0325 ಬರುತ್ತದೆ. ಶೇ 95ರ ಹರವಿಗೆ ಸಾಮಾನ್ಯ ವಿತರಣೆಯ ಕೋಷ್ಟಕ ಕೊಡುವ ಅಂಕಿ 1.96; ಅದರಿಂದ ಇದನ್ನು ಗುಣಿಸಿ: 0.064. ಇದನ್ನು 0.12ಕ್ಕೆ ಒಂದು ಸಲ ಕೂಡಿಸಿ, ಒಂದು ಸಲ ಕಳೆಯಿರಿ. ಅಟ್ಟದಲ್ಲಿ ಕೆಟ್ಟದ್ದು ಶೇ 5.6ರಿಂದ ಶೇ 18.4ರ ನಡುವೆ. ಮಾದರಿಯಲ್ಲಿ ಕೆಟ್ಟದ್ದೂ ಒಳ್ಳೆಯದೂ ಕನಿಷ್ಠ ಹತ್ತತ್ತಾದರೂ ಇದ್ದರೆ ಈ ಸೂತ್ರವನ್ನು ನಂಬಬಹುದು.

ಶೇ 95 ಎಂದರೆ ‘ನಿಜವಾದ ಅಂಕಿ ಈ ಹರವಿನೊಳಗೆ ಇರುವ ಸಂಭವನೀಯತೆ ಶೇ 95’ ಎಂದು ಬಹಳ ಜನ ಬರೆಯುತ್ತಾರೆ. 1937ರಲ್ಲಿ ಸಂಖ್ಯಾಶಾಸ್ತ್ರಜ್ಞ ಜೆರ್ಜಿ ನೇಮನ್ ವಿಶ್ವಾಸಾಂತರದ ಸಿದ್ಧಾಂತವನ್ನು ವಿವರಿಸಿದಾಗ ಹೇಳಿದ ಅರ್ಥ ಬೇರೆ: ಇದೇ ವಿಧಾನದಲ್ಲಿ ಮತ್ತೆ ಮತ್ತೆ ಮಾದರಿ ತೆಗೆದು ಹರವು ಕಟ್ಟುತ್ತಾ ಹೋದರೆ, ನೂರರಲ್ಲಿ ಸುಮಾರು 95 ಹರವುಗಳು ನಿಜವಾದ ಅಂಕಿಯನ್ನು ಒಳಗೊಂಡಿರುತ್ತವೆ. ಭರವಸೆ ಇರುವುದು ವಿಧಾನದ ಮೇಲೆ. ಅಟ್ಟದ ನಿಜಾಂಶ ಎಲ್ಲೂ ಓಡಾಡುವುದಿಲ್ಲ, ಓಡಾಡುವುದು ನಮ್ಮ ಹರವು.

ಹರವು ಅಗಲವಾಯಿತು ಅನ್ನಿಸಿದರೆ ಹೆಚ್ಚು ಕಾಯಿ ನೋಡಬೇಕು. ಆದರೆ ಇನ್ನೂರು ನೋಡಿದರೆ ಹರವು ಅರ್ಧಕ್ಕಿಳಿಯುವುದಿಲ್ಲ. ವರ್ಗಮೂಲ ಇರುವುದರಿಂದ ಅರ್ಧಕ್ಕಿಳಿಸಲು ನಾಲ್ಕು ಪಟ್ಟು, ಅಂದರೆ 400 ಕಾಯಿ ಬೇಕು. ಆಗ ಅದು ಶೇ 8.8ರಿಂದ 15.2. ಅಟ್ಟದಲ್ಲಿ ಹತ್ತು ಸಾವಿರದ ಬದಲು ಐವತ್ತು ಸಾವಿರ ಇದ್ದರೂ ಹರವು ಹೆಚ್ಚುಕಡಿಮೆ ಇಷ್ಟೇ. ರಾಶಿಯ ಗಾತ್ರಕ್ಕಿಂತ ಮಾದರಿಯ ಗಾತ್ರ ಮುಖ್ಯ ಎಂಬುದನ್ನು ಒಪ್ಪಲು ಮನಸ್ಸಿಗೆ ಸ್ವಲ್ಪ ಹೊತ್ತು ಬೇಕು, ಆದರೆ ಲೆಕ್ಕ ಅದನ್ನೇ ಹೇಳುತ್ತದೆ.

ತೂಕಕ್ಕೂ ಇದೇ ದಾರಿ. ಒಳ್ಳೆಯ ಕೊಬ್ಬರಿಯಲ್ಲಿ 25 ಅನ್ನು ಆರಿಸದೆ ತೆಗೆದು ಒಂದೊಂದಾಗಿ ತೂಗಿ. ಸರಾಸರಿ 130 ಗ್ರಾಂ, ಮಾನಕ ವಿಚಲನೆ (ತೂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 20 ಗ್ರಾಂ ಬಂತು ಎನ್ನಿ. ಮಾನಕ ದೋಷವೆಂದರೆ 20 ಭಾಗಿಸು 25ರ ವರ್ಗಮೂಲ, ಅಂದರೆ 4 ಗ್ರಾಂ. ಇಲ್ಲಿ 1.96 ಬಳಸುವಂತಿಲ್ಲ, ಏಕೆಂದರೆ ವಿಚಲನೆಯನ್ನೂ ಸಣ್ಣ ಮಾದರಿಯಿಂದಲೇ ಅಂದಾಜು ಮಾಡಿದ್ದೇವೆ. ಈ ತೊಡಕನ್ನು ಬಿಡಿಸಿದವರು ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ವಿಲಿಯಂ ಗೊಸೆಟ್. ಬಾರ್ಲಿಯಂಥ ಬೆಳೆಯ ಗುಣಮಟ್ಟವನ್ನು ಸಣ್ಣ ಮಾದರಿಗಳಿಂದಲೇ ತೀರ್ಮಾನಿಸಬೇಕಾಗಿದ್ದ ಅವರು 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಪ್ರಬಂಧ ಪ್ರಕಟಿಸಿದರು. ಪಠ್ಯಪುಸ್ತಕದ ಕೊನೆಯಲ್ಲಿರುವ ಟಿ-ಕೋಷ್ಟಕದ ಮೂಲ ಅದೇ. 25 ಅಳತೆಗೆ, ಅಂದರೆ 24 ಸ್ವಾತಂತ್ರ್ಯ ಮಟ್ಟಕ್ಕೆ (ಅಳತೆಗಳ ಸಂಖ್ಯೆಯಲ್ಲಿ ಒಂದು ಕಳೆದದ್ದು), ಕೋಷ್ಟಕ ಕೊಡುವ ಅಂಕಿ 2.064. ಹರವು 121.7ರಿಂದ 138.3 ಗ್ರಾಂ.

ಇದನ್ನು ದುಡ್ಡಿಗೆ ಇಳಿಸಿ. ಹತ್ತು ಸಾವಿರದಲ್ಲಿ 8,800 ಒಳ್ಳೆಯದು ಎಂದುಕೊಂಡರೆ ತೂಕ ಸುಮಾರು 10.7ರಿಂದ 12.2 ಕ್ವಿಂಟಾಲ್. ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ 2025ರ ಹಂಗಾಮಿಗೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ರೂಪಾಯಿ; ಆ ದರದಲ್ಲೇ ಹಿಡಿದರೂ ಎರಡು ತುದಿಗಳ ನಡುವೆ 17 ಸಾವಿರ ರೂಪಾಯಿಗೂ ಹೆಚ್ಚು ಅಂತರವಿದೆ. 8,800 ಎಂಬುದೂ ಅಂದಾಜೇ ಆದ್ದರಿಂದ ನಿಜವಾದ ಅಂತರ ಇನ್ನೂ ಅಗಲ. ಮುಂಗಡ ತೆಗೆದುಕೊಳ್ಳುವವರು, ಮದುವೆ ಖರ್ಚಿಗೆ ಈ ದುಡ್ಡನ್ನೇ ನಂಬಿದವರು ಕೆಳಗಿನ ತುದಿಯನ್ನು ಹಿಡಿದು ಯೋಜನೆ ಮಾಡುವುದು ಒಳ್ಳೆಯದು.

ಊಹೆಯ ಪರೀಕ್ಷೆ: ವ್ಯಾಪಾರಿಯ ಮಾತನ್ನು ತೂಗುವುದು

‘ನೂರಕ್ಕೆ ಇಪ್ಪತ್ತು’ ಎಂದ ವ್ಯಾಪಾರಿಯ ಮಾತನ್ನು ಮೊದಲು ನಿಜವೆಂದೇ ಒಪ್ಪಿಕೊಳ್ಳಿ. ಇದು ಶೂನ್ಯ ಊಹೆ. ಎದುರು ಊಹೆ: ಕೆಟ್ಟದ್ದು ಇಪ್ಪತ್ತಕ್ಕಿಂತ ಕಡಿಮೆ. ಎಷ್ಟರ ಮಟ್ಟಿನ ಆಕಸ್ಮಿಕವನ್ನು ‘ಇದು ಬರೀ ಆಕಸ್ಮಿಕವಲ್ಲ’ ಎನ್ನುತ್ತೇವೆ ಎಂಬ ಗೆರೆಯನ್ನೂ ಈಗಲೇ ಎಳೆಯಬೇಕು. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1925ರಲ್ಲಿ ಅನುಕೂಲವೆಂದು ಸೂಚಿಸಿದ ಶೇ 5 ಇಂದಿಗೂ ರೂಢಿಯಲ್ಲಿದೆ. ಅದು ರೂಢಿಯೇ ಹೊರತು ನಿಸರ್ಗ ನಿಯಮವಲ್ಲ.

ಇಪ್ಪತ್ತು ನಿಜವಾಗಿದ್ದರೆ ಮಾನಕ ದೋಷ ಎಷ್ಟು? 0.2 ಗುಣಿಸು 0.8, ಭಾಗಿಸು 100, ವರ್ಗಮೂಲ: 0.04. ಈ ಹೆಜ್ಜೆಯಲ್ಲಿ ಮಾದರಿಯ 0.12 ಬಳಸಬಾರದು, ಏಕೆಂದರೆ ನಾವೀಗ ವ್ಯಾಪಾರಿಯ ಲೋಕದಲ್ಲಿ ನಿಂತು ನೋಡುತ್ತಿದ್ದೇವೆ. 0.12ರಲ್ಲಿ 0.20 ಕಳೆದು 0.04ರಿಂದ ಭಾಗಿಸಿದರೆ ಮೈನಸ್ 2. ಸಾಮಾನ್ಯ ವಿತರಣೆಯ ಕೋಷ್ಟಕದಲ್ಲಿ ಇದಕ್ಕೆ ಸಿಗುವ ಪಿ-ಮೌಲ್ಯ 0.023. ನಿಜವಾಗಿಯೂ ನೂರಕ್ಕೆ ಇಪ್ಪತ್ತು ಕೆಟ್ಟಿದ್ದರೆ, ನಮಗೆ 12 ಅಥವಾ ಅದಕ್ಕೂ ಕಡಿಮೆ ಸಿಗುವುದು ನೂರಕ್ಕೆ ಎರಡು-ಮೂರು ಸಲ ಮಾತ್ರ. ಶೇ 5ರ ಗೆರೆಗಿಂತ ಕೆಳಗಿದೆ. ವ್ಯಾಪಾರಿಯ ಅಂದಾಜನ್ನು ಕೈಬಿಡಬಹುದು.

‘ವ್ಯಾಪಾರಿ ಹೇಳಿದ್ದು ಸರಿಯಿರುವ ಸಂಭವನೀಯತೆ ಶೇ 2.3’ ಎಂದು ಮಾತ್ರ ಬರೆಯಬೇಡಿ. ಸದ್ದಿನ ಲೆಕ್ಕದಲ್ಲಿ ಕಂಡ ಎರಡು ಪ್ರಶ್ನೆಗಳ ಗೊಂದಲವೇ ಇದು: ಪಿ-ಮೌಲ್ಯ ಹೇಳುವುದು ‘ಅವರ ಮಾತು ನಿಜವಿದ್ದರೆ ಇಂಥ ಮಾದರಿ ಎಷ್ಟು ಅಪರೂಪ’ ಎಂದು, ‘ಇಂಥ ಮಾದರಿ ಸಿಕ್ಕಿದ್ದರೆ ಅವರ ಮಾತು ಎಷ್ಟು ನಿಜ’ ಎಂದಲ್ಲ. ಹಾಗೆಯೇ ಇಪ್ಪತ್ತು ಬಿದ್ದುಹೋಯಿತೆಂದ ಮಾತ್ರಕ್ಕೆ ಮನೆಯವರ ಹತ್ತು ಗೆದ್ದಂತಲ್ಲ. ಹತ್ತೂ ನಮ್ಮ ಹರವಿನಲ್ಲಿದೆ, ಹದಿನೇಳೂ ಇದೆ.

ಮೂವತ್ತು ಒಡೆದಾಗ ಲೆಕ್ಕ ಚೆನ್ನಾಗಿ ಕಂಡಿತೆಂದು ಅಲ್ಲಿಗೇ ನಿಲ್ಲಿಸುವುದು, ಚೆನ್ನಾಗಿಲ್ಲದಿದ್ದರೆ ಇನ್ನಷ್ಟು ಒಡೆಯುವುದು ಮೋಸಕ್ಕೆ ಸಮ, ಮಾಡುವವರಿಗೆ ಹಾಗನ್ನಿಸದಿದ್ದರೂ. ಬೇಕಾದ ಉತ್ತರ ಬರುವ ತನಕ ಕಾದರೆ ಶೇ 5ರ ಗೆರೆಗೆ ಅರ್ಥವೇ ಉಳಿಯುವುದಿಲ್ಲ.

ಎಷ್ಟು ಕಾಯಿ ಬೇಕು?

ತಪ್ಪು ಎರಡು ಬಗೆ. ವ್ಯಾಪಾರಿ ಸರಿಯಿದ್ದೂ ಅವರನ್ನು ತಳ್ಳಿಹಾಕುವುದು ಮೊದಲನೆಯದು. ಇದಕ್ಕೆ ಶೇ 5ರ ಕಡಿವಾಣ ಹಾಕಿದ್ದೇವೆ. ಅವರ ಅಂದಾಜು ತಪ್ಪಿದ್ದೂ ಅದನ್ನು ಹಿಡಿಯಲಾಗದೆ ಹೋಗುವುದು ಎರಡನೆಯದು, ರೈತರಿಗೆ ನಷ್ಟ ತರುವುದು ಇದು. ನೂರು ಕಾಯಿಯ ಪರೀಕ್ಷೆಯಲ್ಲಿ 13 ಅಥವಾ ಕಡಿಮೆ ಕೆಟ್ಟರೆ ಮಾತ್ರ ಇಪ್ಪತ್ತನ್ನು ತಳ್ಳಿಹಾಕಬಹುದು. ಅಟ್ಟದಲ್ಲಿ ನಿಜವಾಗಿ ಕೆಟ್ಟದ್ದು ಶೇ 15 ಇದ್ದರೆ, ಹಾಗಾಗುವುದು ಸುಮಾರು ಮೂರರಲ್ಲಿ ಒಂದು ಸಲ. ಉಳಿದ ಎರಡು ಸಲ ಪರೀಕ್ಷೆ ‘ಹೇಳಲಾಗದು’ ಅನ್ನುತ್ತದೆ, ವ್ಯಾಪಾರಿ ‘ನೋಡಿ, ನಾನು ಹೇಳಿದ್ದೇ ಸರಿ’ ಅನ್ನುತ್ತಾರೆ. ಪುರಾವೆ ಸಾಲದೆ ಹೋದದ್ದು ಅವರ ಪರ ಪುರಾವೆಯಾಗುವುದಿಲ್ಲ.

ಇಪ್ಪತ್ತಕ್ಕೂ ಹದಿನೈದಕ್ಕೂ ಇರುವ ವ್ಯತ್ಯಾಸ ನಿಮಗೆ ಮುಖ್ಯವಾದರೆ, ಮತ್ತು ಅದನ್ನು ಐದರಲ್ಲಿ ನಾಲ್ಕು ಸಲವಾದರೂ ಹಿಡಿಯಬೇಕೆಂದಿದ್ದರೆ, ಸೂತ್ರ ಕೇಳುವುದು ಸುಮಾರು 370 ಕಾಯಿ. ಒಣಗುವ ಮುಂಚೆ ಒಡೆದರೆ ಉಂಡೆ ಹಾಳು. ಒಣಗಿದ ಮೇಲೆ ಒಡೆದದ್ದು ಹೇಗೂ ಮಾರಾಟದ ರಾಶಿಗೇ ಸೇರುತ್ತದೆ, ಹಾಗಾಗಿ ಮಾಲು ನಷ್ಟವಾಗುವುದಿಲ್ಲ. ಹತ್ತು ಸಾವಿರದ ಅಟ್ಟದಿಂದ ಇಳಿಸುವಾಗ ನೂರಕ್ಕೊಂದರ ಬದಲು 27ಕ್ಕೊಂದು ಎತ್ತಿಡಿ. 1ರಿಂದ 27ರ ತನಕ ಚೀಟಿ ಬರೆದು, ಮೊದಲನೆಯದು ಎಷ್ಟನೆಯ ಕಾಯಿ ಎಂಬ ಚೀಟಿಯನ್ನು ವ್ಯಾಪಾರಿಯ ಕೈಯಲ್ಲೇ ಎತ್ತಿಸಿ.