ಕಾರ್ಬೊರೇಟರ್ ಗಾಡಿಗೆ ಬೇಸಿಗೆಗೊಂದು, ಚಳಿಗೊಂದು ವ್ಯವಸ್ಥೆ: ನನ್ನ ಅನುಭವ

ಬಿಸಿಲಿನಲ್ಲಿ ಓಡಿಸಿ ಹತ್ತು ನಿಮಿಷ ನಿಲ್ಲಿಸಿದರೆ ಸಾಕು, ನನ್ನ ಹಳೇ ಗಾಡಿ ಮತ್ತೆ ಸ್ಟಾರ್ಟ್ ಆಗುತ್ತಿರಲಿಲ್ಲ. ನೋಡಿದವರೆಲ್ಲ ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಹೋಗಿದೆ ಅಂದರು. ಕಾಯಿಲ್ ಹಾಕಿಸಿದೆ. ಆಮೇಲೆ ಕಂಡೆನ್ಸರ್, ಹೊಸ ಪಂಪ್, ಕೊನೆಗೆ ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬೊರೇಟರಿನ ಕಿಟ್. ಅಷ್ಟು ದುಡ್ಡಿಗೆ ನಾಲ್ಕೂ ಟೈರ್ ಹೊಸದಾಗಿ ಬರುತ್ತಿದ್ದವು. ಪೆಟ್ರೋಲ್ ಕುದೀತಿದೆ ಅಂತ ನಾನು ಹೇಳಿದಾಗ ಎಲ್ಲರೂ ನಕ್ಕರು.

ಪೆಟ್ರೋಲಿನ ಹಗುರ ಭಾಗ 35 ಡಿಗ್ರಿ ಆಸುಪಾಸಿನಲ್ಲೇ ಕುದಿಯಲು ಶುರು ಮಾಡುತ್ತದೆ. ಇಂಜಿನ್ ಆಫ್ ಮಾಡಿ, ಕಾರ್ಬೊರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬೌಲಿಗೆ ಥರ್ಮಾಮೀಟರ್ ವೈರ್ ಅಂಟಿಸಿದೆ. ಸ್ವಲ್ಪ ಹೊತ್ತಿಗೆ 70ರ ಹತ್ತಿರ ಹೋಯಿತು. ಏರ್ ಫಿಲ್ಟರ್ ಬಿಚ್ಚಿ ಇಣುಕಿದರೆ, ನಿಂತ ಇಂಜಿನ್ನಿನಲ್ಲೂ ನಳಿಕೆಯಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ಇತ್ತ ಬೌಲ್ ಖಾಲಿ, ಅತ್ತ ಪ್ಲಗ್ ಒದ್ದೆ. ಇನ್ನು ಕಾಯಿಲ್ ಏನು ಮಾಡೀತು?

ಚಳಿಗಾಲಕ್ಕೆಂದೇ ಬ್ಯೂಟೇನ್ ಜಾಸ್ತಿ ಬೆರೆಸಿದ ಪೆಟ್ರೋಲ್ ಟ್ಯಾಂಕಿನಲ್ಲಿ ಉಳಿದಿದ್ದು, ಅಷ್ಟರಲ್ಲಿ ಸೆಕೆ ಶುರುವಾದರೆ ಕಾಟ ಇನ್ನೂ ಜಾಸ್ತಿ. ಬ್ಯೂಟೇನ್ ಸೊನ್ನೆ ಡಿಗ್ರಿಯಲ್ಲೇ ಆವಿಯಾಗುವ ಸರಕು.

ಪೆಟ್ರೋಲ್ ಪೈಪಿಗೆ ಬಟ್ಟೆ ಒಣಹಾಕುವ ಕ್ಲಿಪ್ ಸಿಕ್ಕಿಸುವ ಹಳೇ ಉಪಾಯವನ್ನೂ ನೋಡಿದೆ. ಸಾಲಾಗಿ ಸಿಕ್ಕಿಸಿದ್ದೇ ಬಂತು, ಏನೂ ಆಗಲಿಲ್ಲ. ಪಂಪಿಗೆ ಒದ್ದೆ ಬಟ್ಟೆ ಸುತ್ತಿದರೆ ಕೆಲಸ ಆಗುತ್ತದೆ, ಬಟ್ಟೆ ಒಣಗುವ ತನಕ.

ಗೆದ್ದದ್ದು ಹೀಗೆ. ಇಂಜಿನ್ ಮೇಲಿನ ಪಂಪ್ ದೂರದಿಂದ ಎಳೆಯುತ್ತದೆ. ಎಳೆದ ಕಡೆ ಒತ್ತಡ ಇಳಿದು ಆವಿ ಬೇಗ ಏಳುತ್ತದೆ. ಅದಕ್ಕೇ ಟ್ಯಾಂಕಿನ ಪಕ್ಕದಲ್ಲೇ ಎಲೆಕ್ಟ್ರಿಕ್ ಪಂಪ್ ಕೂರಿಸಿ, ಅಲ್ಲಿಂದ ತಳ್ಳುವ ಹಾಗೆ ಮಾಡಿದೆ. ಒತ್ತಡ 0.2 ಬಾರ್ ಚಿಲ್ಲರೆ. ಇಂಜೆಕ್ಷನ್ ಗಾಡಿಯ ಪಂಪ್ ಹಾಕಬೇಡಿ, ಬೌಲಿಗೆ ಬರುವ ಪೆಟ್ರೋಲ್ ತಡೆಯುವ ನೀಡಲ್ ಆ ಒತ್ತಡ ತಾಳುವುದಿಲ್ಲ. ಇಂಜಿನ್ ನಿಂತರೆ ಪಂಪೂ ನಿಲ್ಲಲಿ ಅಂತ ಆಯಿಲ್ ಪ್ರೆಶರ್ ಸ್ವಿಚ್ ಮೂಲಕ ರಿಲೇ ಕೊಟ್ಟೆ. ಕಾರ್ಬೊರೇಟರ್ ಹತ್ತಿರದಿಂದ ಸಣ್ಣ ತೂತಿನ ಮೂಲಕ ಟ್ಯಾಂಕಿಗೆ ರಿಟರ್ನ್ ಲೈನ್, ಆವಿ ವಾಪಸ್ ಹೋಗಲಿ ಅಂತ. ತೂತಿನ ಅಳತೆ ಮಾತ್ರ ಹೇಳುವುದಿಲ್ಲ, ಅದಕ್ಕೆ ನಾನು ಸುಮಾರು ಜೆಟ್ ಹಾಳು ಮಾಡಿದ್ದೇನೆ! ಕಾರ್ಬೊರೇಟರ್ ಕೆಳಗೆ ಇಂಜಿನ್ ಶಾಖ ತಡೆಯಲು ಹತ್ತು ಮಿಲಿಮೀಟರಿನಷ್ಟು ದಪ್ಪದ ಬೇಕಲೈಟ್ ಸ್ಪೇಸರ್. ಉದ್ದದ ಸ್ಟಡ್ ಬೇಕಾಗುತ್ತದೆ, ಬಾನೆಟ್ ತಾಗುತ್ತದಾ ಅಂತ ಮೊದಲೇ ನೋಡಿಕೊಳ್ಳಿ.

ಈಗ ಉರಿ ಬಿಸಿಲಲ್ಲಿ ನಿಲ್ಲಿಸಿದರೂ ಸೆಲ್ಫ್ ಒಂದೇ ಸಲ ಒತ್ತಿದರೆ ಸ್ಟಾರ್ಟ್. ಕಾಯಿಲ್ ಅಂದವರಲ್ಲೊಬ್ಬರು ಮೊನ್ನೆ ಸ್ಪೇಸರಿನ ಅಳತೆ ಕೇಳಿಕೊಂಡು ಹೋದರು.

ಚಳಿ ಬಂದಾಗ ಅದೇ ಸ್ಪೇಸರ್ ತಿರುಗಿ ಬಿತ್ತು. ಐದಾರು ಡಿಗ್ರಿ, ತೇವದ ಗಾಳಿ. ಸ್ವಲ್ಪ ದೂರ ಹೋಗುತ್ತಲೇ ಐಡಲಿಂಗ್ ಬಿದ್ದು ಗಾಡಿ ಆಫ್. ಸುಮ್ನೆ ಐದು ನಿಮಿಷ ಬಿಟ್ಟರೆ ಮತ್ತೆ ಸರಿ. ಪೆಟ್ರೋಲ್ ಆವಿಯಾಗುವಾಗ ಸುತ್ತಲಿನ ಶಾಖ ಹೀರುತ್ತದಲ್ವಾ, ಗಾಳಿ ಹೆಚ್ಚು ಕಮ್ಮಿ ಮಾಡುವ ಥ್ರಾಟಲ್ ತಟ್ಟೆಯ ಅಂಚಿಗೆ ಬಿಳಿ ಮಂಜುಗಡ್ಡೆ ಕಟ್ಟಿತ್ತು. ಇಂಜಿನ್ನಿನ ಬಿಸಿ ಹೊಗೆ ಹೊರಬರುವ ಸೈಲೆನ್ಸರ್ ಮ್ಯಾನಿಫೋಲ್ಡ್ ಮೇಲಿಂದ ಏರ್ ಫಿಲ್ಟರಿಗೆ ಬಿಸಿ ಗಾಳಿಯ ಪೈಪ್ ಎಳೆದು ಒಂದು ಫ್ಲ್ಯಾಪ್ ಇಟ್ಟೆ. ಚಳಿಗೆ ತೆರೆಯುವುದು, ಬೇಸಿಗೆಗೆ ಮುಚ್ಚುವುದು.

ಇದರ ನಡುವೆ, ಮುಚ್ಚಳ ಸಡಿಲವಿದ್ದ ಕ್ಯಾನಿನ ಹಳೇ ಪೆಟ್ರೋಲನ್ನು ಚಳಿಯ ಬೆಳಿಗ್ಗೆ ಹಾಕಿ ನೋಡಿದೆ. ಹಗುರ ಭಾಗವೆಲ್ಲ ಹಾರಿ ಹೋಗಿತ್ತು, ಪೂರ್ತಿ ಚೋಕ್ ಎಳೆದರೂ ಹೊಗೆ ಕೂಡ ಬರಲಿಲ್ಲ. ಬಿಸಿಯಾದ ಇಂಜಿನ್ನಿಗೆ ಅದೇ ಪೆಟ್ರೋಲ್ ತಕರಾರಿಲ್ಲದೆ ಓಡಿತು. ಉಳಿದದ್ದನ್ನು ಹೊಸದರ ಜೊತೆ ಅರ್ಧಕ್ಕರ್ಧ ಬೆರೆಸಿ ಖಾಲಿ ಮಾಡಿದೆ.