ಗುಡ್ಡೆ ಹತ್ತುವವರ ಬ್ಯಾಗು, ಮತ್ತೆ ನನ್ನ ಉಪ್ಪಿನ ಕಟ್ಟು

ಮೊನ್ನೆ ಭಾನುವಾರ ಮೈದುನನ ಮೊಮ್ಮಗ ಮತ್ತೆ ಅವನ ನಾಲ್ಕು ಜನ ಫ್ರೆಂಡ್ಸು ಆಗುಂಬೆಗೆ ಹೊರಟಿದ್ರು, ಜೋಗಿಗುಂಡಿ ಫಾಲ್ಸ್ ನೋಡಿಕೊಂಡು ಸಂಜೆಯೊಳಗೆ ಬರ್ತೇವೆ ಅಜ್ಜಿ ಅಂತ. ಜಗಲಿಯಲ್ಲಿ ಇಟ್ಟಿದ್ದ ಬ್ಯಾಗು ದಾರಿಗೆ ಅಡ್ಡ ಆಯ್ತು ಅಂತ ಎತ್ತಿದ್ರೆ ನನ್ನ ಸೊಂಟವೇ ಹಿಡಿತು ಮಾರಾಯ್ರೆ. ಒಳಗೆ ಎಂತ ಉಂಟು ಅಂತ ನೋಡಿದೆ. ಹಾಡು ಕೇಳುವ ಸ್ಪೀಕರು, ಚಾರ್ಜ್ ಮಾಡುವ ಡಬ್ಬಿ ಎರಡು, ಚಿಪ್ಸ್ ತೊಟ್ಟೆ ಏಳು, ಒಂದು ಜೀನ್ಸ್ ಪ್ಯಾಂಟು. ನೀರು? ಐದು ಜನಕ್ಕೆ ಒಂದು ಲೀಟರು. ಒಂದು ಬೈರಾಸು (ಟವೆಲು) ಇಲ್ಲ, ಬೆಂಕಿಪೆಟ್ಟಿಗೆ ಇಲ್ಲ. ಬೈದ್ರೆ "ಅಲ್ಲಿ ಅಂಗಡಿ ಉಂಟಲ್ಲ" ಅಂತಾನೆ.

ನಾನು ಹೇಳುದು ಇಷ್ಟೆ. ಅರ್ಧ ದಿನದ ತಿರುಗಾಟಕ್ಕೆ ಒಂದು ಬಟ್ಟೆಚೀಲದಷ್ಟು ಸಾಮಾನು ಸಾಕು, ಅದನ್ನು ಬೆಳಿಗ್ಗೆ ಐದು ಗಂಟೆಗೆ ಎದ್ದು ಹುಡುಕಿ ತುಂಬಿಸುದಲ್ಲ, ಯಾವಾಗ್ಲೂ ತುಂಬಿಸಿಯೇ ಬಾಗಿಲ ಹಿಂದೆ ಮೊಳೆಗೆ ತೂಗು ಹಾಕಿರ್ಬೇಕು, ಕುಂಜಾರುಗಿರಿ ಮೆಟ್ಟಿಲು ಹತ್ತಲಿಕ್ಕಾದ್ರೂ ಮಲ್ಪೆ ಬೀಚಿಗಾದ್ರೂ ಅದನ್ನೇ ಹೆಗಲಿಗೆ ಹಾಕಿ ನಡಿಯುದು. ಬೈರಾಸು ಒಂದು, ಹಳೆಯದೇ ಒಳ್ಳೆದು, ಬೇಗ ಒಣಗ್ತದೆ. ಬೆವರು ಒರೆಸ್ಲಿಕ್ಕೆ, ತಲೆಗೆ ಸುತ್ಲಿಕ್ಕೆ, ಕಾಲು ಉಳುಕಿದ್ರೆ ಬಿಗಿದು ಕಟ್ಲಿಕ್ಕೆ ಅದೊಂದೇ ಸಾಕು. ಸಣ್ಣ ಟಾರ್ಚು, ಮಡಚುವ ಕತ್ತಿ, ಎರಡು ಸೇಫ್ಟಿ ಪಿನ್, ಗಾಯದ ಪಟ್ಟಿ, ನಿಮ್ಮ ನಿಮ್ಮ ಮಾತ್ರೆ. ಬೆಂಕಿಪೆಟ್ಟಿಗೆಯನ್ನು ತೊಟ್ಟೆಯಲ್ಲಿ ಸುತ್ತಿಯೇ ಇಡಿ. ಮತ್ತೆ ಹತ್ತಿಪ್ಪತ್ತರ ನೋಟು ಸ್ವಲ್ಪ, ಘಾಟಿಯಲ್ಲಿ ನೆಟ್‌ವರ್ಕ್ ಇಲ್ಲದಿದ್ರೆ ನಿಮ್ಮ ಫೋನಿನ ದುಡ್ಡಿಗೆ ಒಂದು ಬೊಂಡವೂ (ಎಳನೀರು) ಬರುದಿಲ್ಲ.

ನೀರಿನ ಲೆಕ್ಕ ನಾನು ಕಲಿತದ್ದು ಗಡಾಯಿಕಲ್ಲಿನಲ್ಲಿ. ಮದುವೆಯಾದ ಹೊಸತು, ಬೆಳ್ತಂಗಡಿಯ ನೆಂಟರ ಮನೆಗೆ ಹೋದವರು ಕೋಟೆ ನೋಡುವ ಅಂತ ಹೊರಟದ್ದು, ಟಿಪ್ಪು 1794ರಲ್ಲಿ ಕಟ್ಟಿಸಿದ್ದಂತೆ, ಮೆಟ್ಟಿಲೇ ಸಾವಿರದ ಎಂಟುನೂರಕ್ಕೂ ಮೇಲೆ. ಮಾರ್ಚ್ ತಿಂಗಳು, ಬಂಡೆ ಕಾವಲಿಯ ಹಾಗೆ ಕಾದಿತ್ತು. ಅರ್ಧ ಹತ್ತುವಾಗಲೇ ನಮ್ಮವರು ಕ್ಯಾನ್ ಖಾಲಿ ಮಾಡಿ ಕೂತ್ರು, ಇಳಿಯುವಾಗ ನನ್ನ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಅವತ್ತಿನಿಂದ ನಂದು ಒಂದೇ ಕಟ್ಟುನಿಟ್ಟು, ತುದಿ ಮುಟ್ಟುವಾಗ ಅರ್ಧ ನೀರು ಉಳಿದಿರ್ಬೇಕು. ಜೊತೆಗೆ ನಾಲ್ಕು ಒಣ ಪುನರ್ಪುಳಿ (ಕೋಕಂ) ಸಿಪ್ಪೆ, ಒಂದು ತುಂಡು ಬೆಲ್ಲ. ಬಚ್ಚಿ ಸುಸ್ತಾದಾಗ ಬೆಲ್ಲ ಕಚ್ಚಿ ನೀರು ಕುಡಿದು ನೋಡಿ, ಬಣ್ಣದ ಜ್ಯೂಸು ಮತ್ತೆ ಕೇಳುದಿಲ್ಲ ನೀವು. ಊಟಕ್ಕೆ ಕೊಟ್ಟೆ ಕಡುಬು ಬಿಟ್ರೆ ಬೇರೆ ಯಾವುದೂ ಸರಿಯಿಲ್ಲ, ಸಂಜೆವರೆಗೆ ಹಳಸುದಿಲ್ಲ, ಸುತ್ತಿದ್ದನ್ನು ಬಿಸಾಡಿದ್ರೂ ಅದು ಹಲಸಿನ ಎಲೆ.

ಈಗ ಮುಖ್ಯದ್ದು, ಉಪ್ಪಿನ ಕಟ್ಟು, ಇಂಬಳ (ಜಿಗಣೆ) ಕಾಲಿಗೆ ಹತ್ತದಿರಲಿಕ್ಕೆ. ಮಳೆಗಾಲದಲ್ಲಿ ಘಾಟಿ ಕಡೆ ಹೋಗುವವರು ಇದಿಲ್ಲದೆ ಹೊರಡ್ಲೇಬಾರದು. ನನ್ನ ಅತ್ತೆ ಹೆಬ್ರಿ ಕಡೆಯವರು, ಆಟಿ (ಆಷಾಢ) ತಿಂಗಳಲ್ಲಿ ತೋಟಕ್ಕೆ ಇಳಿಯುವ ಮೊದಲು ಒಬ್ಬೊಬ್ಬರಿಗೆ ಒಂದೊಂದು ಕಟ್ಟು ಮಾಡಿ ಕೊಡ್ತಿದ್ರು. ಇದಕ್ಕೆ ಹಳೆ ಪಂಚೆಯ ಬಟ್ಟೆಯೇ ಆಗ್ಬೇಕು, ತೊಳೆದು ತೊಳೆದು ಮೆತ್ತಗಾದದ್ದು. ಪಾಲಿಸ್ಟರ್ ಶಾಲು ಹರಿದು ಕಟ್ಟಿದ್ರೆ ನೀರೇ ಹೀರುದಿಲ್ಲ, ನನ್ನ ಸೊಸೆ ಮಾಡಿ ನೋಡಿದ್ದಾಳೆ. ಅಂಗೈ ಅಗಲ, ಎರಡು ಮಡಿಕೆ. ಕಲ್ಲುಪ್ಪು ಒಂದು ಹಿಡಿ ಬಾಣಲೆಯಲ್ಲಿ ಚಟಪಟ ಹೇಳುವಷ್ಟು ಹುರಿಬೇಕು, ಹುರಿಯದಿದ್ರೆ ನಮ್ಮೂರಿನ ಮಳೆಗೆ ಮೊದಲೇ ಬೆವರಿ ನೀರಾಗ್ತದೆ. ಉಪ್ಪು ಆರಿದ ಮೇಲೆ ಎಲೆಅಡಿಕೆಗೆ ಹಾಕುವ ಹೊಗೆಸೊಪ್ಪು ಬೆರಳಷ್ಟು ಉದ್ದ ಪುಡಿ ಮಾಡಿ ಸೇರಿಸಿ, ಬಟ್ಟೆಯ ನಡುವಿಗಿಟ್ಟು, ಕುತ್ತಿಗೆ ಹಿಡಿದು ತಿರುಚಿ, ನೂಲಿನಲ್ಲಿ ಏಳೆಂಟು ಸುತ್ತು ಬಿಗಿದು ಕಟ್ಟಿ. ನಿಂಬೆಹಣ್ಣಿನ ಗಾತ್ರ ಬಂದ್ರೆ ಸರಿ. ಸಡಿಲ ಕಟ್ಟಿದ್ರೆ ಉಪ್ಪು ಸುರಿದು ಬ್ಯಾಗಿಡೀ ಹಾಳು. ಮುಚ್ಚಳ ಬಿಗಿ ಇರುವ ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಇಡಿ.

ಕಾಡು ಶುರುವಾಗುವಲ್ಲಿ ಕಟ್ಟನ್ನು ಎರಡು ಹನಿ ನೀರಿಗೆ ತಾಗಿಸಿ ಹಿಂಡಿ, ಶೂವಿನ ಬಾಯಿ, ಸಾಕ್ಸು, ಪ್ಯಾಂಟಿನ ತುದಿ ಇಷ್ಟಕ್ಕೂ ತಟ್ಟುತ್ತಾ ಬನ್ನಿ. ಉಜ್ಜುದಲ್ಲ, ತಟ್ಟುದು. ತೋಡು ದಾಟಿದ್ರೆ ತೊಳೆದು ಹೋಯ್ತು ಅಂತಲೇ ಲೆಕ್ಕ, ಮತ್ತೊಮ್ಮೆ ತಟ್ಟಿ. ಇಂಬಳ ಹತ್ತುದು ಕೆಳಗಿನಿಂದ, ಹಾಗಾಗಿ ಸೊಂಟಕ್ಕೆಲ್ಲ ಬೇಡ. ಆಮೇಲೆ ಆ ಕೈ ತೊಳಿಯದೆ ಕಡುಬು ತಿನ್ಬೇಡಿ, ನಾನು ಒಮ್ಮೆ ತಿಂದು ಹೊಗೆಸೊಪ್ಪಿನ ತಲೆತಿರುಗಿಗೆ ದಾರಿ ಬದಿ ಕೂತು ವಾಂತಿ ಮಾಡಿದ್ದೇನೆ.

ಇಷ್ಟು ಮಾಡಿಯೂ ಒಂದು ಕಚ್ಚಿತು ಅಂತಿಟ್ಟುಕೊಳ್ಳಿ, ಕಿರುಚಿ ಎಳೀಬೇಡಿ. ಎಳೆದ್ರೆ ಬಾಯಿ ಗಾಯದಲ್ಲೇ ಉಳಿದು ಕೀವಾಗಬಹುದು. ಕಚ್ಚಿದ್ದರ ಮೇಲೆ ಉಪ್ಪು ಸುರಿಯುದೂ ತಪ್ಪು, ಹೊಟ್ಟೆಯಲ್ಲಿದ್ದದ್ದನ್ನು ಅದು ನಿಮ್ಮ ಗಾಯಕ್ಕೇ ಕಾರ್ತದೆ, ಉಪ್ಪು ಇರುದು ಇಂಬಳ ಹತ್ತದಿರಲಿಕ್ಕೆ ಮಾತ್ರ. ಸಪೂರ ತುದಿಯ ಅಡಿಗೆ ಉಗುರು ಹಾಕಿ ಮೆಲ್ಲ ಜಾರಿಸಿ, ಬಿಡ್ತದೆ. ರಕ್ತ ಬೇಗ ನಿಲ್ಲುದಿಲ್ಲ, ಹೆಪ್ಪುಗಟ್ಟದ ಹಾಗೆ ಒಂದು ರಸ ಬಿಟ್ಟಿರ್ತದೆ ಅದು. ಬೈರಾಸು ಒತ್ತಿ ಹಿಡಿದು ಕೂತ್ಕೊಳ್ಳಿ, ಅದರ ಫೋಟೋ ಯಾರಿಗೂ ಬೇಡ.

ನಮ್ಮ ಹುಡುಗರು ಸಂಜೆ ಬಂದ್ರು, ಐದು ಜನರ ಸಾಕ್ಸಿನಲ್ಲೂ ರಕ್ತ, ಜೀನ್ಸ್ ಪ್ಯಾಂಟು ಮಡಿಕೆಯೂ ಬಿಚ್ಚದೆ ವಾಪಸ್. ಬ್ಯಾಗು ಹಾಗೆಯೇ ಮೂಲೆಗೆ ಬಿಸಾಡಿದ್ರು, ಮರುದಿನಕ್ಕೆ ಬೂಷ್ಟು ವಾಸನೆ. ಬಂದ ಕೂಡ್ಲೇ ಚೀಲ ಮಗುಚಿ ಕೊಡಕಿ ಬಚ್ಚಲಿನ ಒಲೆ ಮೇಲಿನ ಹಗ್ಗಕ್ಕೆ ಹಾಕ್ಬೇಕು, ಬೈರಾಸು ಒಗೀಬೇಕು, ಬೆಲ್ಲ ತೆಗೆದಿಡ್ಬೇಕು, ಇಲ್ಲದಿದ್ರೆ ಇರುವೆ. ಉಪ್ಪಿನ ಕಟ್ಟನ್ನು ಮಾತ್ರ ತೊಳಿಬೇಡಿ, ಒಲೆ ದಂಡೆಯಲ್ಲಿ ಒಣಗಿಸಿ ಡಬ್ಬಿಗೆ ಹಾಕಿ, ಇನ್ನೂ ನಾಲ್ಕು ಸಲಕ್ಕೆ ಆಗ್ತದೆ.